ಮ್ಯಾಕ್‌ಡೊನಾಲ್ಡ್ ಬರೆದ ಸಣ್ಣ ಕಿನ್ನರ ಕಥೆಗಳು: ಓದಿದವರು ಇದ್ದೀರಾ?

ಗಂಗಾವತಿ ಗೌರಿ
ನಮ್ಮ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಒಂದು ಕಥೆ ಆಗಲೇಬೇಕು. ಮಗಳಿಗೆ ಎಂಟು ವರ್ಷ. ನನ್ನ ಹತ್ತಿರ ಇದ್ದ ಕಥೆಗಳೆಲ್ಲ ಖಾಲಿಯಾಗಿ, ಹೇಳಿದ್ದನ್ನೇ ಮತ್ತೆ ಹೇಳಿದರೆ ಅವಳೇ ನನ್ನ ತಪ್ಪು ತಿದ್ದುವ ಮಟ್ಟಕ್ಕೆ ಬಂದಿದ್ದಳು. ಆಗ ಸಿಕ್ಕಿದವನು ಜಾರ್ಜ್ ಮ್ಯಾಕ್‌ಡೊನಾಲ್ಡ್. ಸ್ಕಾಟ್ಲೆಂಡಿನವನು, 1824ರಲ್ಲಿ ಹುಟ್ಟಿದವನು. ಅವನ ದಪ್ಪ ಕಾದಂಬರಿಗಳನ್ನು ನಾನು ಮುಟ್ಟಿಲ್ಲ. ಸಣ್ಣ ಕಥೆಗಳನ್ನು ಮಾತ್ರ ಓದುತ್ತಿದ್ದೇನೆ. ಕಾಪಿರೈಟ್ ಮುಗಿದಿರುವುದರಿಂದ ಪುಕ್ಕಟೆ ಸಿಗುತ್ತವೆ. ಫೋನಿನಲ್ಲಿ ಇಂಗ್ಲಿಷ್ ನೋಡುತ್ತಾ ಬಾಯಲ್ಲಿ ಕನ್ನಡ ಮಾಡುತ್ತಾ ಹೋಗುವುದು.

ಮೊದಲು ಹೇಳಿದ್ದು 'ದಿ ಲೈಟ್ ಪ್ರಿನ್ಸೆಸ್'. ರಾಜ ತನ್ನ ಮಗಳ ನಾಮಕರಣಕ್ಕೆ ಎಲ್ಲರನ್ನೂ ಕರೆದು ಸ್ವಂತ ಒಡಹುಟ್ಟಿದವಳನ್ನೇ ಮರೆಯುತ್ತಾನೆ. ಅವಳೋ ಮಾಟಗಾತಿ. ಕರೆಯದಿದ್ದರೂ ಬಂದು ಮಗುವಿನ ತೂಕವನ್ನೇ ತೆಗೆದುಬಿಡುತ್ತಾಳೆ. ಮಗು ಚಾವಣಿಗೆ ಹೋಗಿ ಅಂಟಿಕೊಳ್ಳುತ್ತದೆ. ಆಳುಗಳು ಅದನ್ನು ಚೆಂಡಿನ ಹಾಗೆ ಎಸೆದು ಆಡುತ್ತಾರೆ. ಇಲ್ಲಿಗೆ ಬರುವ ಹೊತ್ತಿಗೆ ಮಗಳು ನಗುತ್ತಾ ಹೊರಳಾಡುತ್ತಿದ್ದಳು. ಆದರೆ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ನಮ್ಮ ಅತ್ತೆ ನಗಲಿಲ್ಲ. "ಹೆಸರಿಡಾಕಿನೇ ಸೋದರತ್ತಿ. ಆಕಿನ್ನೇ ಕರೀಲಿಲ್ಲ ಅಂದ್ರ ಸಿಟ್ಟು ಬರದೇ ಇರ್ತದೇನು?" ಅಂದರು. ಪೂರ್ತಿ ಕಥೆ ಅವರು ಮಾಟಗಾತಿಯ ಕಡೆಯೇ!

ನನಗೆ ಹೊಳೆದೇ ಇರಲಿಲ್ಲ ನೋಡಿ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ, ಬೆನ್ನಿಗೆ ಗುದ್ದು ತಿನ್ನುವವಳೇ ಸೋದರತ್ತೆ. ಆ ಇಂಗ್ಲಿಷ್ ಕಥೆಯಲ್ಲಿ ಇದ್ದದ್ದು ಬರೀ ಮರೆವು. ನಮ್ಮ ಪಡಸಾಲೆಗೆ ಬಂದಾಗ ಅದು ದೊಡ್ಡ ಅವಮಾನವೇ ಆಯಿತು.

ಬೇರೆ ಯಾರಾದ್ರೂ ಇವನನ್ನು ಓದಿದ್ದೀರಾ? ನಿಮಗೆ ಹೇಗನಿಸಿತು?

ಬಳ್ಳಾರಿ ಕೋಟೆ
ನಾಮಕರಣಕ್ಕೆ ಕರೆಯದ ಜಗಳ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ನಡೆದಿದೆ. ಯಾರ ತೂಕವೂ ಕಡಿಮೆ ಆಗಿಲ್ಲ.

ರಾಯಚೂರು ಬಿಸಿಲು
ಗೌರಿ ಅಕ್ಕ, ನಾನು ಓದಿದ್ದೇನೆ. ಎಂ.ಎ. ಇಂಗ್ಲಿಷ್ ಮಾಡುವಾಗ ಸಿಲೆಬಸ್‌ನಲ್ಲಿ ಇರಲಿಲ್ಲ, ಹಾಗಾಗಿಯೇ ಇಷ್ಟವಾಯಿತು ಅನಿಸುತ್ತೆ. ಈ ಕಥೆ ಮೊದಲು 1864ರಲ್ಲಿ ಅವನ ಒಂದು ಕಾದಂಬರಿಯ ಒಳಗೆ ಬಂತು. ಆ ಕಾದಂಬರಿಯಲ್ಲಿ ಕಾಯಿಲೆ ಬಿದ್ದ ಹುಡುಗಿಯೊಬ್ಬಳ ಮನಸ್ಸು ಹಗುರಾಗಲಿ ಅಂತ ಸುತ್ತ ಕೂತು ಕಥೆ ಹೇಳುತ್ತಾರೆ. 1867ರಲ್ಲಿ ಇದೂ ಸೇರಿ ಕೆಲವು ಸಣ್ಣ ಕಥೆಗಳು ಒಂದು ಪುಸ್ತಕವಾದವು.

ಒಂದು ಪ್ರಶ್ನೆ. ಇಡೀ ಕಥೆ ನಿಂತಿರುವುದೇ 'ಗ್ರಾವಿಟಿ' ಅನ್ನೋ ಪದದ ಮೇಲೆ. ಅವಳಿಗೆ ಭೂಮಿಯ ಸೆಳೆತವೂ ಇಲ್ಲ, ಗಾಂಭೀರ್ಯವೂ ಇಲ್ಲ. ಸೈನ್ಯ ಸೋತಿತು ಅಂದರೂ ನಗ್ತಾಳೆ, ಅಮ್ಮ ಅತ್ತರೂ ನಗ್ತಾಳೆ. ಅದನ್ನು ಕನ್ನಡದಲ್ಲಿ ಹೇಗೆ ಮಾಡಿದಿರಿ? ಗುರುತ್ವಾಕರ್ಷಣೆ ಅಂದರೆ ವಿಜ್ಞಾನದ ಪಾಠ ಆಗಿಬಿಡುತ್ತೆ ಅಲ್ವಾ?

ಗಂಗಾವತಿ ಗೌರಿ
'ತೂಕ' ಅಂದೆ, ಅಷ್ಟೇ. ತೂಕದ ಮಾತು, ತೂಕದ ಮನುಷ್ಯ ಅಂತೀವಲ್ಲ. ಎರಡೂ ಅರ್ಥ ಅದರಲ್ಲೇ ಇದೆ. ಯೋಚನೆ ಮಾಡಿ ಹುಡುಕಿದ್ದಲ್ಲ, ಸುಮ್ನೆ ಬಾಯಿಗೆ ಬಂತು. ಕಥೆಯಲ್ಲಿ ಇಬ್ಬರು ಪಂಡಿತರು ಬಂದು ಇವಳಿಗೆ ಏನಾಗಿದೆ ಅಂತ ವಾದ ಮಾಡುತ್ತಾರಲ್ಲ, ಅಲ್ಲಿ ಮಾತ್ರ ಒದ್ದಾಡಿದೆ. ಆ ಎರಡು ಪುಟ ಹಾರಿಸಿಬಿಟ್ಟೆ, ನಿಜ ಹೇಳ್ತೀನಿ.

ಹೆಸರಿನ ವಿಷಯದಲ್ಲೂ ತೊಂದರೆ ಆಯಿತು. 'ಹಗುರ ರಾಜಕುಮಾರಿ' ಅಂದಾಗ ಅತ್ತೆ, "ಹಗೂರ ಅಂದ್ರ ನಿಧಾನ ನಡೀತಾಳೇನು?" ಅಂತ ಕೇಳಿದರು. ನಮ್ಮ ಕಡೆ ಹಗೂರ ಹೋಗು ಅಂದರೆ ಮೆಲ್ಲಗೆ ಹೋಗು ಅಂತ ತಾನೇ. ಕೊನೆಗೆ 'ತೂಕ ಇಲ್ಲದಾಕಿ' ಅಂತಾಯಿತು.

ಕೊಪ್ಪಳದ ಮೇಷ್ಟ್ರು
ಒಳ್ಳೆಯ ಚರ್ಚೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಈ ಲೇಖಕನನ್ನು ನಿವೃತ್ತಿಯಾದ ಮೇಲೆ ಓದಿದೆ. 'ತೂಕ' ಸರಿಯಾದ ಪದವೇ. ಆದರೆ ಗೌರಿಯವರೇ, ಪಂಡಿತರ ಭಾಗ ಬಿಡಬಾರದಿತ್ತು. ಮನೆಯಲ್ಲಿ ಮಗು ಹಾರಾಡುತ್ತಿದ್ದರೆ ಬಂದ ಇಬ್ಬರೂ ಸಿದ್ಧಾಂತ ಹೇಳುತ್ತಾ ಕೂರುತ್ತಾರೆ. ನಾನು ಹಾಜರಾದ ಎಷ್ಟೋ ಸಭೆಗಳು ನೆನಪಾದವು.

ಸಿಂಧನೂರು ಭತ್ತ
ನಾನು ಕಥೆ ಪುಸ್ತಕ ಓದುವವನಲ್ಲ. ಗೌರಿ ಅಕ್ಕನ ಪೋಸ್ಟ್ ನೋಡಿ ನಿನ್ನೆ ರಾತ್ರಿ ಓದಿದೆ. ಮೊದಲ ಅರ್ಧ ಬೇಜಾರಾಯಿತು. ಮಾತಿನ ಆಟ ಜಾಸ್ತಿ, ಒಂದೇ ಜೋಕನ್ನು ಎಷ್ಟು ಸಲ ಹೇಳ್ತಾನೆ ಅನಿಸಿತು.

ಆದರೆ ಕೆರೆ ಬಂತಲ್ಲ. ಅವಳಿಗೆ ನೀರಿಗೆ ಇಳಿದಾಗ ಮಾತ್ರ ತೂಕ ಬರುತ್ತೆ. ಅದಕ್ಕೇ ರಾತ್ರಿ ಎಲ್ಲಾ ಈಜುತ್ತಾಳೆ. ಅದು ಗೊತ್ತಾಗಿ ಸೋದರತ್ತೆ ಕೆರೆಯ ನೀರನ್ನೇ ಬತ್ತಿಸುತ್ತಾಳೆ. ದಿನಾ ಇವಳು ಕಿಟಕಿಯಲ್ಲಿ ನಿಂತು ನೀರು ಇಳಿಯುವುದನ್ನೇ ನೋಡುವುದು, ತಾನೂ ಕೆರೆಯ ಜೊತೆ ಸೊರಗುವುದು. ಅಲ್ಲಿ ನಾನು ಎದ್ದು ಕೂತೆ.

2024ರ ಆಗಸ್ಟ್ 10ರ ರಾತ್ರಿ ಟಿ.ಬಿ. (ತುಂಗಭದ್ರಾ) ಡ್ಯಾಂನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಕೊಂಡು ಹೋಯಿತಲ್ಲ. ನಮ್ಮದು ಎಡದಂಡೆ ಕಾಲುವೆಯ ಕೆಳಭಾಗ. ಡ್ಯಾಂ ತುಂಬಿದಾಗಲೇ ನಮಗೆ ನೀರು ಬರುವುದು ಕಷ್ಟ. ನಾಟಿ ಮಾಡಿಯಾಗಿತ್ತು. ಆ ವಾರ ಊಟ ಸೇರಲಿಲ್ಲ. ಫೋನಿನಲ್ಲಿ ಬರೀ ಅದೇ ವಿಡಿಯೋ: 33 ಗೇಟುಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ನೀರು ಹುಚ್ಚು ಹಿಡಿದ ಹಾಗೆ ಹೊರಗೆ ಬೀಳುತ್ತಿರುವುದು. ನಮ್ಮಪ್ಪ ಗದ್ದೆಯ ಬದುವಿನ ಮೇಲೆ ಕೂತು ಪೈರನ್ನು ನೋಡುತ್ತಿದ್ದ, ಮಾತಿಲ್ಲ. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಹಲಗೆ ಇಳಿಸಿ ಮುಚ್ಚಿದರು. ಆಮೇಲೆ ಮಳೆಯೂ ಬಂತು.

ಕಥೆಯಲ್ಲಿ ಕೆರೆಯ ತಳದ ತೂತನ್ನು ಮುಚ್ಚೋಕೆ ಮಾಮೂಲಿ ಉಪಾಯ ಯಾವುದೂ ಆಗಲ್ಲ, ಬದುಕಿರುವ ಮನುಷ್ಯನೇ ಆಗಬೇಕು ಅಂತಾನೆ. ಅದು ಓದಿದಾಗ ಮೈ ಜುಮ್ ಅಂತು. ಕಥೆ ಬರೆದವನು ಡ್ಯಾಂ ಕೆಳಗಿನ ರೈತ ಅಲ್ಲ ಅಂತ ನಂಬೋಕೆ ಆಗಲಿಲ್ಲ.

ಕೊಪ್ಪಳದ ಮೇಷ್ಟ್ರು
ಭತ್ತದವರೇ, ಭಾಗೀರಥಿ ನೆನಪಾಗಲಿಲ್ಲವೇ ನಿಮಗೆ?

ಸಿಂಧನೂರು ಭತ್ತ
ಆಯಿತು ಸರ್. ಬರೆಯೋಕೆ ಮನಸ್ಸಾಗಲಿಲ್ಲ.

ಕೊಪ್ಪಳದ ಮೇಷ್ಟ್ರು
ಹಾಗಾದರೆ ನಾನೇ ಬರೆಯುತ್ತೇನೆ. 'ಕೆರೆಗೆ ಹಾರ' ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಕೊಡಬೇಕು ಅಂತಾಗುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನ ನಡೆಸುವವರು ಯಾರು? ಕೊನೆಗೆ ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಬರುತ್ತದೆ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ, ಮರೆತ ಬಂಗಾರದ ಬಟ್ಟಲು ತರಲು ಅವಳನ್ನೇ ವಾಪಸ್ ಕಳಿಸುತ್ತಾರೆ. ಅವಳು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ, ನೀರು ಪಾದಕ್ಕೆ ಬರುತ್ತದೆ, ನಡುವಿಗೆ ಬರುತ್ತದೆ.

ಮ್ಯಾಕ್‌ಡೊನಾಲ್ಡ್ ಕಥೆಯಲ್ಲೂ ನೀರು ಹೀಗೆಯೇ ಏರುತ್ತದೆ. ರಾಜಕುಮಾರಿಗೆ ಮನಸೋತ ರಾಜಕುಮಾರನೊಬ್ಬ ಅದನ್ನು ಮುಚ್ಚಲು ತಳದ ತೂತಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ. ನೀರು ಮೊಣಕಾಲು, ಸೊಂಟ, ಕುತ್ತಿಗೆ, ಗಲ್ಲ. ಸ್ಕಾಟ್ಲೆಂಡಿನವನು ನಮ್ಮ ಹಾಡು ಕೇಳಿರಲು ಸಾಧ್ಯವೇ ಇಲ್ಲ. ಆದರೂ ನೀರು ಏರುವ ಅದೇ ಲಯ.

ರಾಯಚೂರು ಬಿಸಿಲು
ಲಯ ಒಂದೇ ಇರಬಹುದು ಮೇಷ್ಟ್ರೇ. ಆದರೆ ಕೇಳಿದ ರೀತಿ ಬೇರೆ. ಮ್ಯಾಕ್‌ಡೊನಾಲ್ಡ್ ಕಥೆಯಲ್ಲಿ ಕೆರೆಯ ತಳದಲ್ಲಿ ಸಿಗುವ ಬಂಗಾರದ ತಗಡಿನ ಮೇಲೆ ಸ್ಪಷ್ಟವಾಗಿ ಬರೆದಿದೆ, ಬರುವವನು ತಾನಾಗಿ ಒಪ್ಪಿ ಬರಬೇಕು ಅಂತ. ರಾಜಕುಮಾರ ಅರಮನೆಯಲ್ಲಿ ಬೂಟು ಒರೆಸುವ ಕೆಲಸ ಮಾಡಿಕೊಂಡು ಇದ್ದವನು, ತಾನೇ ಹೋಗಿ ನಾನು ಬರ್ತೀನಿ ಅಂತಾನೆ. ಷರತ್ತು ಹಾಕ್ತಾನೆ. ಅವಳು ಪಕ್ಕದಲ್ಲೇ ದೋಣಿಯಲ್ಲಿ ಕೂರಬೇಕು, ಬಿಸ್ಕತ್ತು ತಿನ್ನಿಸಬೇಕು, ವೈನ್ ಕುಡಿಸಬೇಕು.

ಭಾಗೀರಥಿಯನ್ನು ಯಾರು ಕೇಳಿದರು? ಅವಳಿಗೆ ಗೊತ್ತಿತ್ತು, ಅದು ಇನ್ನೂ ಸಂಕಟ. ತವರಿಗೆ ಹೋಗಿ ಅಪ್ಪನಿಗೆ ಬೇರೆ ಏನೋ ಹೇಳಿ, ಗೆಳತಿಗೆ ಮಾತ್ರ ನಿಜ ಹೇಳ್ತಾಳೆ. ಷರತ್ತು ಹಾಕುವ ಜಾಗವೇ ಅವಳಿಗಿಲ್ಲ. ಬಟ್ಟಲು ತಾ ಅಂದರೆ ತರಬೇಕು.

ಹಾಗಂತ ಆ ಇಂಗ್ಲಿಷ್ ಕಥೆಯೂ ಪೂರ್ತಿ ಒಪ್ಪಿಗೆ ಆಗಲ್ಲ ನನಗೆ. ನಗುವ ಹುಡುಗಿಗೆ 'ತೂಕ' ಬರಿಸೋಕೆ ಒಬ್ಬ ಗಂಡಸು ಸಾಯಬೇಕಾ? ಅವಳು ನಗ್ತಾ ಇದ್ದಿದ್ದರೆ ಯಾರಿಗೆ ಏನು ನಷ್ಟ ಆಗ್ತಿತ್ತು?

ಗಂಗಾವತಿ ಗೌರಿ
ತಂಗಿ, ಒಂದು ವಿಷಯ ಬಿಟ್ಟೆ ನೀನು. ನೀರು ಅವನ ಬಾಯಿ ಮೂಗು ದಾಟಿದಾಗ ಅವಳೇ ಕಿರುಚಿ ಹಾರುತ್ತಾಳಲ್ಲ. ಅವನನ್ನು ಎಳೆದು ತೆಗೆದರೆ ಕೆರೆ ಮತ್ತೆ ಬತ್ತುತ್ತೆ ಅಂತ ಗೊತ್ತಿದೆ. ಕೆರೆ ಹೋದರೆ ತಾನೂ ಹೋಗ್ತೀನಿ ಅಂದುಕೊಂಡವಳೇ ಕೆರೆ ಹೋದರೆ ಹೋಗಲಿ ಅಂತಾಳೆ. ನಮ್ಮ ಹಾಡಿನಲ್ಲಿ ಎಳೆದು ತೆಗೆಯುವವರು ಯಾರೂ ಇಲ್ಲ. ದಂಡಿನಲ್ಲಿದ್ದ ಗಂಡ ಮಾದೇವರಾಯ ಬರುವಷ್ಟರಲ್ಲಿ ಕೆರೆ ತುಂಬಿರುತ್ತದೆ, ಅವನೂ ಹಾರುತ್ತಾನೆ.

ಅವಳು ಆ ರಾತ್ರಿ ಪೂರ್ತಿ ಅವನನ್ನು ಉಳಿಸೋಕೆ ಒದ್ದಾಡಿ, ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಮೊದಲ ಸಲ ಅಳುತ್ತಾಳೆ. ಅತ್ತ ತಕ್ಷಣ ಧೊಪ್ ಅಂತ ನೆಲಕ್ಕೆ ಬೀಳುತ್ತಾಳೆ. ಹೊರಗೆ ಮಳೆ ಶುರು. ನಾನು ಇದನ್ನು ಹೇಳುವಾಗ ಮಗಳು ಹಾಸಿಗೆಯಿಂದ ಎದ್ದು, ಕಾಲು ಊರಿ, ಒಂದೊಂದೇ ಹೆಜ್ಜೆ ಇಟ್ಟು, "ಅಮ್ಮಾ, ನಡೆಯೋದು ಹಿಂಗಾ?" ಅಂದಳು. ಕಥೆಯಲ್ಲಿ ರಾಜಕುಮಾರಿಯೂ ಹೆಚ್ಚುಕಡಿಮೆ ಅದನ್ನೇ ಕೇಳುತ್ತಾಳೆ, ಆದರೆ ಆ ಸಾಲಿಗೆ ನಾನಿನ್ನೂ ಬಂದಿರಲಿಲ್ಲ.

ಬಳ್ಳಾರಿ ಕೋಟೆ
ಸೋದರತ್ತೆಗೆ ಏನಾಯಿತು? ಅದನ್ನು ಯಾರೂ ಹೇಳಲಿಲ್ಲ.

ಗಂಗಾವತಿ ಗೌರಿ
ರಾಜಕುಮಾರಿ ಅವಳ ಮೇಲೆ ತೀರಿಸಿಕೊಂಡ ಸೇಡು ಒಂದೇ. ಮುಂದಿನ ಸಲ ಸಿಕ್ಕಾಗ ನೋವಿದ್ದ ಕಾಲ್ಬೆರಳನ್ನು ಜೋರಾಗಿ ತುಳಿದಳು. ತೂಕ ಬಂದಿತ್ತಲ್ಲ! ಆಮೇಲೆ ನೀರು ನುಗ್ಗಿ ಮಾಟಗಾತಿಯ ಮನೆ ಕುಸಿದು ಅವಳೂ ಅದರೊಳಗೇ ಹೋಗುತ್ತಾಳೆ. ಅದನ್ನು ಅತ್ತೆಗೆ ಹೇಳಿಲ್ಲ.

ರಾತ್ರಿಪಾಳಿ
ನಾನು ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸದವನು. ಈ ತಿಂಗಳು ರಾತ್ರಿ ಪಾಳಿ. ನೀವೆಲ್ಲ ಕೆರೆಯ ಹತ್ತಿರವೇ ನಿಂತಿದ್ದೀರಿ. ನನಗೆ ಹಿಡಿಸಿದ್ದು 'ದಿ ಡೇ ಬಾಯ್ ಅಂಡ್ ದಿ ನೈಟ್ ಗರ್ಲ್'. ಟೀ ಬ್ರೇಕಿನಲ್ಲಿ ಸ್ವಲ್ಪ ಸ್ವಲ್ಪ ಓದಿ ಐದು ರಾತ್ರಿಗೆ ಮುಗಿಸಿದೆ.

ವಾಥೋ ಅಂತ ಒಬ್ಬ ಮಾಟಗಾತಿ. ಎಲ್ಲವನ್ನೂ ತಿಳಿಯಬೇಕು ಅನ್ನೋ ಹುಚ್ಚು ಅವಳಿಗೆ. ಒಂದು ಗಂಡು ಮಗುವನ್ನು ಕತ್ತಲೆಯೇ ತೋರಿಸದೆ ಬೆಳೆಸುತ್ತಾಳೆ. ಒಂದು ಹೆಣ್ಣು ಮಗುವನ್ನು ಬೆಳಕೇ ತೋರಿಸದೆ ಬೆಳೆಸುತ್ತಾಳೆ, ಗೋರಿಯಂಥ ಕೋಣೆಯಲ್ಲಿ, ಒಂದೇ ಒಂದು ಮಂಕು ದೀಪದ ಕೆಳಗೆ. ಹುಡುಗಿಯ ಹೆಸರು ನಿಕ್ಟೆರಿಸ್. ಒಂದು ದಿನ ಭೂಮಿ ನಡುಗಿ ಆ ದೀಪ ಒಡೆಯುತ್ತದೆ. ಅವಳು ದೀಪ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಒಂದು ಮಿಣುಕು ಹುಳದ ಹಿಂದೆ ಹೊರಗೆ ಬರುತ್ತಾಳೆ. ಹೊರಗೆ ಹುಣ್ಣಿಮೆ. ಅವಳು ಚಂದ್ರನನ್ನು ನೋಡಿ, ಎಲ್ಲಾ ದೀಪಗಳ ತಾಯಿ ಇದೇ ಅನ್ನೋ ಹಾಗೆ ಮೊಣಕಾಲೂರಿ ಕೂತುಬಿಡುತ್ತಾಳೆ.

ಇದನ್ನು ಓದಿದ್ದು ಬೆಳಗಿನ ಜಾವ ಮೂರು ಗಂಟೆಗೆ, ಶೆಡ್ಡಿನ ಹೊರಗೆ ಕಟ್ಟೆಯ ಮೇಲೆ. ಒಳಗೆ ಕೆಂಪು ಬೆಂಕಿ, ಮೇಲೆ ಸೋಡಿಯಂ ದೀಪ. ನಮ್ಮಲ್ಲಿ ಆಕಾಶವೇ ಕಿತ್ತಳೆ ಬಣ್ಣ. ನನ್ನ ಜೊತೆಯವನು ಕೇಳಿದ, "ಏನಣ್ಣ, ಮೇಲೆ ಏನು ಹುಡುಕ್ತಿದ್ದೀಯ?" ಚಂದ್ರ ಎಲ್ಲಿದ್ದಾನೆ ನೋಡ್ತಿದ್ದೆ ಅಂತ ಹೇಳೋಕೆ ನಾಚಿಕೆ ಆಯಿತು.

ಇನ್ನೊಂದು. ಆ ಹುಡುಗ ಫೋಟೋಜೆನ್ ಹಗಲು ಹುಲಿ. ಬೇಟೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಸೂರ್ಯ ಮುಳುಗಿದ್ದೇ ತಡ ಗಡಗಡ ನಡುಗುತ್ತಾನೆ. ನಿಕ್ಟೆರಿಸ್ ಅವನನ್ನು ಹುಡುಗಿ ಅಂದುಕೊಂಡಿರುತ್ತಾಳೆ. ನಾನು ಹುಡುಗಿ ಅಲ್ಲ ಅಂದಾಗ, ಹಾಗಾದರೆ ಅದಕ್ಕೇ ಇಷ್ಟು ಹೆದರ್ತೀಯ, ಹುಡುಗಿಯರು ಸುಮ್ಸುಮ್ನೆ ಹೆದರಲ್ಲ ಅಂತಾಳೆ. ರಾತ್ರಿಯೆಲ್ಲಾ ಕಾಯುತ್ತಾಳೆ. ಬೆಳಗಾದ ಕೂಡಲೇ ಅವನು ಜಂಬ ಮಾಡಿ, ಬಿಸಿಲಿಗೆ ಕಂಗಾಲಾದ ಅವಳನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಪಾಳಿ ಅಂದರೆ ಹೊಟ್ಟೆಯಲ್ಲಿ ತಳಮಳ. ಒಬ್ಬ ಹಿರಿಯರು ಒಂದು ತಿಂಗಳು ಜೊತೆಗೇ ನಿಂತು ನಡೆಸಿಕೊಂಡರು. ಹಗಲು ಪಾಳಿಗೆ ಬಂದ ಮೇಲೆ ನಾನು ಅವರನ್ನು ಒಂದು ಸಲವೂ ಹುಡುಕಿಕೊಂಡು ಹೋಗಿ ಮಾತಾಡಿಸಲಿಲ್ಲ. ಈಗ ಅವರು ರಿಟೈರ್ ಆಗಿದ್ದಾರೆ.

ರಾಯಚೂರು ಬಿಸಿಲು
ಅಣ್ಣ, ಅವರ ಊರು ಗೊತ್ತಿದ್ದರೆ ಹೋಗಿ ಬನ್ನಿ.

ನಮ್ಮೂರಲ್ಲಿ ಆ ಕಥೆ ಓದಿದರೆ ಎಲ್ಲರೂ ನಿಕ್ಟೆರಿಸ್ ಕಡೆಯೇ. ಏಪ್ರಿಲ್ ಮೇನಲ್ಲಿ ಸೂರ್ಯನನ್ನು ಹೊಗಳೋಕೆ ರಾಯಚೂರಿನವರಿಂದ ಆಗಲ್ಲ. ನಾವು ಬದುಕೋದೇ ಸಂಜೆ ಆರರ ಮೇಲೆ, ಮಲಗೋದು ಮಾಳಿಗೆ ಮೇಲೆ. ಸೂರ್ಯ ಹುಟ್ಟಿದಾಗ ತಲೆಯೊಳಗೆ ಬೆಂಕಿ ಸುರಿದ ಹಾಗೆ ಆಯಿತು ಅಂತ ಅವಳು ಒದ್ದಾಡುತ್ತಾಳಲ್ಲ, ಅದು ನಮಗೆ ಕಟ್ಟುಕಥೆ ಅಲ್ಲ, ಹವಾಮಾನ ವರದಿ.

ಕೊಪ್ಪಳದ ಮೇಷ್ಟ್ರು
'ದಿ ಗೋಲ್ಡನ್ ಕೀ' ಬಗ್ಗೆ ಯಾರೂ ಬರೆದಿಲ್ಲ. ಅವನ ಸಣ್ಣ ಕಥೆಗಳಲ್ಲಿ ಅದೇ ಶ್ರೇಷ್ಠ.

ಸಿಂಧನೂರು ಭತ್ತ
ಸರ್, ಅದನ್ನೂ ಓದಿದೆ. ತಲೆಬುಡ ಅರ್ಥ ಆಗಲಿಲ್ಲ. ಹುಡುಗನಿಗೆ ಕಾಮನಬಿಲ್ಲಿನ ಬುಡದಲ್ಲಿ ಕೀಲಿ ಸಿಗುತ್ತೆ. ಬೀಗ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಗಾಳಿಯಲ್ಲಿ ಹಾರುವ ಮೀನು ತಾನೇ ಬಂದು ಕುದಿಯುವ ಪಾತ್ರೆಗೆ ಬೀಳುತ್ತೆ, ಅದನ್ನು ತಿಂತಾರೆ. ಸಮುದ್ರದ ಮುದುಕ, ಭೂಮಿಯ ಮುದುಕ, ಬೆಂಕಿಯ ಮುದುಕ. ಕೊನೆಯವನು ನೋಡಿದರೆ ಸಣ್ಣ ಮಗು! ಎಲ್ಲರಿಗಿಂತ ಹಳಬ ಅವನೇ ಅಂತೆ. ಇದಕ್ಕೆಲ್ಲ ಏನರ್ಥ?

ಬಳ್ಳಾರಿ ಕೋಟೆ
ಮೀನು ತಾನೇ ಬಂದು ಪಾತ್ರೆಗೆ ಬೀಳುವುದಾದರೆ ನಮ್ಮ ಮನೆ ವಿಳಾಸ ಕೊಡ್ತೀನಿ.

ಗಂಗಾವತಿ ಗೌರಿ
ಆ ಮೀನಿನ ಭಾಗ ನನಗೂ ಕಸಿವಿಸಿ. ತಿನ್ನಿಸಿಕೊಳ್ಳುವುದೇ ಅದರ ದೊಡ್ಡ ಆಸೆ ಅಂತ ಕಥೆಯೊಳಗಿನ ಅಜ್ಜಿ ಹೇಳುತ್ತಾಳೆ. ಮಗಳು ಪುಣ್ಯಕೋಟಿ ಹಾಗೇನಾ ಅಂದಳು. ಅಲ್ಲ ಅನಿಸಿತು. ಪುಣ್ಯಕೋಟಿ ಹುಲಿಯ ಹತ್ತಿರ ಹೋದದ್ದು ಕೊಟ್ಟ ಮಾತಿಗೆ, ತಿನ್ನಿಸಿಕೊಳ್ಳುವ ಆಸೆಗಲ್ಲ. ಅಲ್ಲಿ ಹುಲಿಯೂ ತಿನ್ನಲಿಲ್ಲ. ಇಲ್ಲಿ ಎಲ್ಲರೂ ಆರಾಮಾಗಿ ಊಟ ಮಾಡುತ್ತಾರೆ. ಪಾತ್ರೆಯಿಂದ ರೆಕ್ಕೆಯ ಪುಟ್ಟ ಜೀವ ಹಾರಿ ಹೋಗುತ್ತೆ ನಿಜ. ಆದರೂ...

ಕೊಪ್ಪಳದ ಮೇಷ್ಟ್ರು
ಅರ್ಥ ಕೇಳಿದರೆ ಆ ಲೇಖಕನೇ ಕೈ ಎತ್ತಿದ್ದಾನೆ. 1893ರಲ್ಲಿ ಒಂದು ಪ್ರಬಂಧ ಬರೆದು, ಓದಿದವರಿಗೆ ಅವರವರ ಅರ್ಥ ಹೊಳೆಯಲಿ ಅಂದ. ಕುದುರೆಯ ಚಿತ್ರ ಬರೆದು ಕೆಳಗೆ ಇದು ಕುದುರೆ ಅಂತ ಬರೆಯಬೇಕಾದರೆ ಚಿತ್ರವೇ ಸರಿಯಿಲ್ಲ ಅನ್ನುವ ಧಾಟಿಯ ಮಾತು ಅಲ್ಲಿದೆ. ನಾನು ಮೂವತ್ತು ವರ್ಷ ಪದ್ಯದ ಕೆಳಗೆಲ್ಲ ಇದು ಕುದುರೆ ಅಂತ ಬರೆಸಿದವನು. ಹಾಗಾಗಿ ಅರ್ಥ ಹೇಳುವುದಿಲ್ಲ, ನನಗೆ ಆದದ್ದು ಹೇಳುತ್ತೇನೆ.

ಆ ಕಥೆಯಲ್ಲಿ ಹುಡುಗ ಹುಡುಗಿ ಒಂದು ಬಯಲು ದಾಟುತ್ತಾರೆ. ಬಯಲ ತುಂಬಾ ನೆರಳು. ಎಲೆಗಳ ನೆರಳು, ಮನುಷ್ಯರ ನೆರಳು, ಕುದುರೆಗಳ ನೆರಳು. ಮೇಲೆ ನೋಡಿದರೆ ಮರವಿಲ್ಲ, ಮನುಷ್ಯರಿಲ್ಲ. ಇಬ್ಬರೂ ನಡುವೆ ಕೂತು ಸುಮ್ಮನೆ ಅಳುತ್ತಾರೆ. ಈ ನೆರಳುಗಳು ಎಲ್ಲಿಂದ ಬೀಳುತ್ತಿವೆಯೋ ಆ ನಾಡನ್ನು ಹುಡುಕಬೇಕು ಅಂದುಕೊಳ್ಳುತ್ತಾರೆ.

ನಾನು ಆರೇಳು ವರ್ಷದವನಿದ್ದಾಗ ನಮ್ಮೂರಿಗೆ ತೊಗಲು ಗೊಂಬೆಯವರು ಬಂದಿದ್ದರು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಕಂಬಳಿ ಕಟ್ಟಿ ಗುಡಿಸಲಿನ ಹಾಗೆ ಮಾಡಿ, ಮುಂದೆ ಬಿಳಿ ಪರದೆ. ಪರದೆಯ ಮೇಲೆ ರಾಮ ಕೆಂಪಗೆ, ಹನುಮಂತ ಹಸಿರು. ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ ಬಂಗಾರಕ್ಕನ ಜಗಳಕ್ಕೆ ಊರೆಲ್ಲ ನಗುತ್ತಿತ್ತು. ನೆರಳಿಗೆ ಬಣ್ಣ ಹೇಗೆ ಬಂತು ಅಂತ ನನಗೆ ತಡೆಯಲಾಗಲಿಲ್ಲ. ಎದ್ದು ಹಿಂದೆ ಹೋಗಿ ಕಂಬಳಿ ಎತ್ತಿ ನೋಡಿದೆ. ಎಣ್ಣೆಯ ದೀಪ, ಹೊಗೆ. ಒಬ್ಬ ಮುದುಕಿ ಬಾಯಲ್ಲಿ ಹಾಡುತ್ತಾ ಎರಡು ಕೈಯಲ್ಲೂ ಗೊಂಬೆ ಹಿಡಿದಿದ್ದಳು. ಅವಳ ತೊಡೆಯ ಮೇಲೆ ಮಗುವೊಂದು ನಿದ್ದೆ ಹೋಗಿತ್ತು. ಹದ ಮಾಡಿದ ತೊಗಲಿನೊಳಗಿಂದ ಬೆಳಕು ಬಣ್ಣವಾಗಿ ಹೋಗುತ್ತಿತ್ತು. ಅವಳು ನನ್ನನ್ನು ನೋಡಿದಳು, ಹಾಡು ನಿಲ್ಲಿಸಲಿಲ್ಲ, ಗದರಲಿಲ್ಲ. ಗಲ್ಲದಿಂದ ಕೂತ್ಕೋ ಅಂತ ಸನ್ನೆ ಮಾಡಿದಳು.

ಅರವತ್ತು ವರ್ಷದ ಮೇಲೆ ಆ ಕಥೆಯ ಬಯಲಿನ ಪುಟ ಓದುವಾಗ ಎಣ್ಣೆ ಹೊಗೆಯ ವಾಸನೆ ಬಂತು. ನನಗೆ ಆ ಕಥೆ ಅಷ್ಟೇ.

ಸಿಂಧನೂರು ಭತ್ತ
ಇದನ್ನು ಮೊದಲೇ ಹೇಳಿದ್ದರೆ ನನಗೂ ಅರ್ಥ ಆಗ್ತಿತ್ತಲ್ಲ ಸರ್.

ರಾಯಚೂರು ಬಿಸಿಲು
ಮೇಷ್ಟ್ರೇ, ನಿಮ್ಮ ಹಾಗೆಯೇ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಒಬ್ಬ ದೊಡ್ಡ ಮನುಷ್ಯ ಸಿಕ್ಕಿಹಾಕಿಕೊಂಡಿದ್ದ. ಟೋಲ್ಕಿನ್‌ಗೆ ಈ 'ಗೋಲ್ಡನ್ ಕೀ'ಗೆ ಮುನ್ನುಡಿ ಬರೆದುಕೊಡಿ ಅಂತ ಪ್ರಕಾಶಕರು ಕೇಳಿದರು. ಕಿನ್ನರಲೋಕ ಅಂದರೆ ಏನು ಅಂತ ವಿವರಿಸಲು ಒಬ್ಬ ಅಡುಗೆಯವನು, ಒಂದು ಕೇಕು ಅಂತ ಸಣ್ಣ ಉದಾಹರಣೆ ಶುರು ಮಾಡಿದ. ಮುನ್ನುಡಿ ನಿಂತೇ ಹೋಯಿತು. ಉದಾಹರಣೆ ಬೆಳೆದು 1967ರಲ್ಲಿ ಬೇರೆಯೇ ಪುಸ್ತಕವಾಯಿತು. ಅರ್ಥ ಹೇಳಲು ಹೋಗಿ ಅವನೂ ಕಥೆಯನ್ನೇ ಹೇಳಿದ.

ರಾತ್ರಿಪಾಳಿ
ಬಿಸಿಲು ತಂಗಿ, ಆ ಹಿರಿಯರ ಊರು ಕುರುಗೋಡು ಕಡೆ ಅಂತ ಗೊತ್ತಾಯಿತು. ಭಾನುವಾರ ರಜೆ ಇದೆ.

ಗಂಗಾವತಿ ಗೌರಿ
ಒಂದು ಹೊಸ ಸುದ್ದಿ. ಇವತ್ತು ಮಧ್ಯಾಹ್ನ ಅತ್ತೆ ಪಕ್ಕದ ಮನೆಯ ಕಟ್ಟೆ ಮೇಲೆ ಕೂತು 'ತೂಕ ಇಲ್ಲದಾಕಿ' ಕಥೆ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಪೂರ್ತಿ ಬದಲಾಗಿದೆ. ಸೋದರತ್ತೆ ಮಾಟಗಾತಿ ಅಲ್ಲ, ಪಾಪದ ವಿಧವೆ. ಅಣ್ಣನ ಹೆಂಡತಿ ಬೇಕಂತಲೇ ಕರೆದಿರಲಿಲ್ಲ. ಕೆರೆ ಹೋಗಿ ಡ್ಯಾಂ ಆಗಿದೆ, ತೂತು ಹೋಗಿ ಗೇಟ್ ಆಗಿದೆ. ರಾಜಕುಮಾರ ಮಾತ್ರ ರಾಜಕುಮಾರನೇ, ಆದರೆ ನೀರಲ್ಲಿ ಕೂತಾಗ ಬಿಸ್ಕತ್ತು ವೈನ್ ಬದಲು ಅವಳು ಅವನಿಗೆ ಒಗ್ಗರಣೆ ಮಿರ್ಚಿ ತಿನ್ನಿಸುತ್ತಾಳೆ. ಕೊನೆಯಲ್ಲಿ ಸೋದರತ್ತೆಯನ್ನು ಕರೆಸಿ, ಸೀರೆ ಉಡಿಸಿ, ಮತ್ತೊಂದು ಸಲ ಹೆಸರಿಡಿಸುತ್ತಾರೆ.

ಸಿಂಧನೂರು ಭತ್ತ
ಕುತ್ತಿಗೆ ಮಟ್ಟ ನೀರಲ್ಲಿ ಕೂತವನಿಗೆ ಮಿರ್ಚಿ ಕೊಟ್ಟರೆ ಅವನು ಮೊದಲು ಕೇಳೋದೇ ನೀರು.

ಗಂಗಾವತಿ ಗೌರಿ
ಪಕ್ಕದ ಮನೆಯವರೂ ಅದನ್ನೇ ಕೇಳಿದರು. "ಕೇಳ್ಯಾನ, ಕುಡಿಸ್ಯಾಳ. ನಡುವ ಬಾಯಿ ಹಾಕಬ್ಯಾಡ" ಅಂದರು ಅತ್ತೆ.